ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ



ಕಳೆದ ದಸರೆಯ ರಜೆಗೆ ನಮ್ಮ ಮನೆಗೆ ಬಂದಿದ್ದ ಮೊಮ್ಮಗನು ಒಂದು ಸಂಜೆ ಊಟಕ್ಕೆ ಎರಡು ಸಲ ಕರೆದರೂ ಏಳದೆ ಕಂಪ್ಯೂಟರಿನ ಮುಂದೆ ಕುಳಿತು ಏನನ್ನೋ ಬಿರುಸಾಗಿ ಬರೆಯುತ್ತಿದ್ದನು. ಹದಿನಾರರ ಹರೆಯ, ಮಾತಿನಲ್ಲಿ ಮೃದು, ಹಿರಿಯರನ್ನು ಕಂಡರೆ ಗೌರವ. ಅಂತಹ ಹುಡುಗನ ಮುಖ ಅಂದು ಕೆಂಪಾಗಿತ್ತು. ಹುಟ್ಟುಹಬ್ಬಕ್ಕೆಂದು ಕೊಟ್ಟ ಹಣದಿಂದ ಅವನು ಕೊಂಡಿದ್ದ ಒಂದು ಆಟದಲ್ಲಿ ದೋಷವುಂಟಾಗಿ, ಎಂಟು ದಿನ ಆಡಿ ಗಳಿಸಿದ್ದೆಲ್ಲವೂ ಅಳಿಸಿಹೋಗಿತ್ತು. ಆಟವನ್ನು ಮಾಡಿದವರಿಗೆ ಅವನು ತನ್ನ ಅಭಿಪ್ರಾಯ ಬರೆಯುತ್ತಿದ್ದನು. ಕನ್ನಡಕ ಹಾಕಿಕೊಂಡು ಓದಿದೆ. ಮೊದಲ ಸಾಲು ದೂರು. ಎರಡನೆಯದು ‘ಕಳ್ಳರು’ ಎಂಬ ಬೈಗುಳ. ಮೂರನೆಯ ಸಾಲನ್ನು ಈ ಪತ್ರಿಕೆಯಲ್ಲಿ ಅಚ್ಚು ಮಾಡುವಂತಿಲ್ಲ.

“ಇದನ್ನು ಮಾಡಿದವರು ಯಾರಪ್ಪ?” ಎಂದು ಕೇಳಿದೆ. “ಯಾವುದೋ ಕಂಪನಿ, ತಾತ” ಎಂದನು. “ಎಷ್ಟು ಜನರ ಕಂಪನಿ?” ಎಂದರೆ ಉತ್ತರವಿಲ್ಲ. ಇಬ್ಬರೂ ಕೂಡಿ ಹುಡುಕಿ ನೋಡಿದೆವು. ದೂರದ ದೇಶವೊಂದರಲ್ಲಿ ಇಬ್ಬರು ಸ್ನೇಹಿತರು ಬೇರೆ ನೌಕರಿ ಮಾಡುತ್ತಲೇ ಬಿಡುವಿನ ವೇಳೆಯಲ್ಲಿ ಕಟ್ಟಿದ ಆಟವದು. ಹೊಗಳಿಕೆಗೂ ದೂರಿಗೂ ಬಾಕಿ ಲೆಕ್ಕಕ್ಕೂ ಅವರಿಗೆ ಇದ್ದದ್ದು ಒಂದೇ ವಿಳಾಸ. “ಹಾಗಾದರೆ ನೀನು ಬರೆದ ಈ ಮೂರನೆಯ ಸಾಲನ್ನು ಓದುವವರು ಆ ಇಬ್ಬರೇ ಅಲ್ಲವೇ?” ಎಂದೆ. ಹುಡುಗ ಮಾತನಾಡಲಿಲ್ಲ. ಊಟಕ್ಕೆ ಎದ್ದನು.

ಆ ರಾತ್ರಿಯಿಂದ ಈ ವಿಷಯ ನನ್ನ ಮನಸ್ಸನ್ನು ಬಿಟ್ಟಿಲ್ಲ. ನಮ್ಮ ಮನೆಗಳ ಮಕ್ಕಳು ಇಂದು ಬೀದಿಯಲ್ಲಿ ಆಡುವುದಕ್ಕಿಂತ ಹೆಚ್ಚು ಹೊತ್ತು ಈ ಪರದೆಯ ಆಟಗಳಲ್ಲಿ ಕಳೆಯುತ್ತಾರೆ. ಅವರು ಎಷ್ಟು ಹೊತ್ತು ಆಡುತ್ತಾರೆ ಎಂಬುದನ್ನು ನಾವು ಗಡಿಯಾರ ಹಿಡಿದು ನೋಡುತ್ತೇವೆ. ಅಲ್ಲಿ ಯಾರೊಡನೆ, ಯಾವ ನಾಲಗೆಯಿಂದ ಮಾತನಾಡುತ್ತಾರೆ ಎಂಬುದನ್ನು ಮಾತ್ರ ನೋಡುವುದಿಲ್ಲ. ಆದುದರಿಂದ ಈ ತಿಂಗಳು ಆಟ ಕಟ್ಟುವ ಸಣ್ಣ ಕೈಗಳ ಕುರಿತು, ಅವುಗಳಿಗೆ ಆಟಗಾರರ ಸಮೂಹವು ನೀಡುವ ಉಪಚಾರದ ಕುರಿತು ನಾಲ್ಕು ಮಾತು ಬರೆಯಬಯಸುತ್ತೇನೆ.

ಆಟಗಳನ್ನು ತಯಾರಿಸುವವರಲ್ಲಿ ಎರಡು ಬಗೆ. ನೂರಾರು, ಕೆಲವೊಮ್ಮೆ ಸಾವಿರಾರು ನೌಕರರನ್ನಿಟ್ಟುಕೊಂಡ ಬೃಹತ್ ಸಂಸ್ಥೆಗಳು ಒಂದು ಬಗೆ. ಬಂಡವಾಳಗಾರರ ಹಂಗಿಲ್ಲದೆ ಒಬ್ಬರೋ ಇಬ್ಬರೋ, ಹೆಚ್ಚೆಂದರೆ ಹತ್ತು ಹದಿನೈದು ಮಂದಿಯೋ ಕೂಡಿ ಮಾಡುವ ಸ್ವತಂತ್ರ ತಯಾರಕರು ಇನ್ನೊಂದು ಬಗೆ. ಮೊದಲನೆಯದು ಗಿರಣಿ, ಎರಡನೆಯದು ಮನೆಯ ಕೈಮಗ್ಗ. ಅಮೆರಿಕದ ವಾಲ್ವ್ ಸಂಸ್ಥೆ 2003ರಲ್ಲಿ ಆರಂಭಿಸಿದ ‘ಸ್ಟೀಮ್’ ಎಂಬ ಮಾರಾಟದ ಕಟ್ಟೆಯಂತಹವು ಬಂದ ಮೇಲೆ ಈ ಕೈಮಗ್ಗದವರೂ ಅಂಗಡಿಯಿಲ್ಲದೆ ಲೋಕಕ್ಕೆಲ್ಲ ಮಾರುವಂತಾಯಿತು. ಅದೇ ಕಟ್ಟೆಯಲ್ಲಿ ಕೊಂಡವರು ತಮ್ಮ ಮೆಚ್ಚುಗೆಯನ್ನೋ ಅಸಮಾಧಾನವನ್ನೋ ಬರೆಯುತ್ತಾರೆ. ಮೆಚ್ಚಿದವರ ಪ್ರಮಾಣ ನೂರಕ್ಕೆ 70ಕ್ಕಿಂತ ಕೆಳಗಿಳಿದರೆ ಆಟದ ಹೆಸರಿನ ಪಕ್ಕದಲ್ಲಿ ‘ಮಿಶ್ರ’ ಎಂಬ ಹಣೆಬರಹ ಮೂಡುತ್ತದೆ; ಕಂಡವರು ಮುಂದೆ ಸಾಗುತ್ತಾರೆ. ಗಿರಣಿಗೆ ಅದು ಒಂದು ವರ್ಷದ ನಷ್ಟವಾಗಬಹುದು, ಕೈಮಗ್ಗಕ್ಕೆ ಒಲೆಯ ಪ್ರಶ್ನೆಯಾಗಬಹುದು. ದೊಡ್ಡ ಸಂಸ್ಥೆಯಲ್ಲಿ ಬೈಗುಳದ ಪತ್ರವನ್ನು ಓದಲು ಸಂಬಳದ ಗುಮಾಸ್ತರಿರುತ್ತಾರೆ. ಸಣ್ಣ ತಯಾರಕನಾದರೋ ರಾತ್ರಿ ಊಟವಾದ ಮೇಲೆ ತಾನೇ ಕುಳಿತು ಓದುತ್ತಾನೆ.

ಈ ಮಾತಿಗೆ ದೊಡ್ಡ ನಿದರ್ಶನವೆಂದರೆ ಇಂಗ್ಲೆಂಡಿನ ಗಿಲ್ಡ್‌ಫರ್ಡ್ ಪಟ್ಟಣದ ‘ಹಲೋ ಗೇಮ್ಸ್’ ಎಂಬ ಚಿಕ್ಕ ಸಂಸ್ಥೆಯ ಕಥೆ. ನಾಲ್ವರು ಮಿತ್ರರು ಕೂಡಿ ಕಟ್ಟಿದ ಈ ಸಂಸ್ಥೆಯ ಮುಂದಾಳು ಶಾನ್ ಮರ್ರೆ. 2013ರ ಡಿಸೆಂಬರಿನಲ್ಲಿ ಇವರು ‘ನೋ ಮ್ಯಾನ್ಸ್ ಸ್ಕೈ’ ಎಂಬ ಹೊಸ ಆಟವನ್ನು ಪ್ರಕಟಿಸಿದರು. ಆಡುವವನು ನೌಕೆಯೇರಿ ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗಬಹುದು, ಗ್ರಹಗಳಲ್ಲಿ ಇಳಿಯಬಹುದು. ಗ್ರಹಗಳ ಸಂಖ್ಯೆಯಾದರೂ ಎಷ್ಟು? ಹದಿನೆಂಟರ ಮುಂದೆ ಹದಿನೆಂಟು ಸೊನ್ನೆ ಬರೆದರೆ ಆಗುವುದಕ್ಕಿಂತಲೂ ಹೆಚ್ಚು. ಇವನ್ನೆಲ್ಲ ಕೈಯಿಂದ ಚಿತ್ರಿಸಿದ್ದಲ್ಲ. ಒಂದು ಬೀಜಸಂಖ್ಯೆಯಿಂದ ಬೆಟ್ಟ, ಕಡಲು, ಪ್ರಾಣಿಗಳೆಲ್ಲ ಮೊಳೆಯುವಂತೆ ಗಣಿತದ ಸೂತ್ರಗಳನ್ನು ಹೆಣೆದದ್ದು. ಅದೇ ತಿಂಗಳ ಕ್ರಿಸ್ಮಸ್ ಹಬ್ಬದ ಮುನ್ನಾದಿನ ಅವರ ಕಚೇರಿಗೆ ನೆರೆ ನುಗ್ಗಿ ಯಂತ್ರಗಳೆಲ್ಲ ಹಾಳಾದವು. ಅವರು ಮತ್ತೆ ಕಟ್ಟತೊಡಗಿದರು.

ಪ್ರಕಟಣೆಯನ್ನು ಕಂಡ ಜನ ಹುಚ್ಚೆದ್ದು ಕಾದರು. 2016ರ ಜೂನ್ ತಿಂಗಳಿಗೆಂದು ಗೊತ್ತುಮಾಡಿದ್ದ ಬಿಡುಗಡೆ ಆಗಸ್ಟ್‌ಗೆ ಮುಂದೆ ಹೋಗುವುದೆಂಬ ಸುದ್ದಿ ಮೇ ತಿಂಗಳಲ್ಲಿ ಹೊರಬಿದ್ದಿತು. ಎರಡು ತಿಂಗಳೂ ತುಂಬದ ವಿಳಂಬ. ಅಷ್ಟಕ್ಕೇ ಮರ್ರೆಯವರಿಗೆ ಕೊಲೆ ಬೆದರಿಕೆಗಳು ಬಂದವು. ಸುದ್ದಿಯನ್ನು ಮೊದಲು ಬರೆದ ಪತ್ರಕರ್ತನನ್ನೂ ಬೆದರಿಸಲಾಯಿತು. ನೆರೆಮನೆಯವರು ಮದುವೆಯ ದಿನ ಮುಂದೂಡಿದರೆಂದು ಅವರ ಬಾಗಿಲಿಗೆ ಕತ್ತಿ ಹಿಡಿದು ಹೋಗುವವರನ್ನು ನಾವು ಏನೆಂದು ಕರೆಯುತ್ತೇವೆ?

ಆಗಸ್ಟ್‌ನಲ್ಲಿ ಆಟ ಹೊರಬಂದಿತು. ಇಲ್ಲಿ ನ್ಯಾಯದ ಮಾತನ್ನೂ ಹೇಳಬೇಕು. ಮರ್ರೆಯವರು ಸಂದರ್ಶನಗಳಲ್ಲಿ ಉತ್ಸಾಹದಿಂದ ಹೇಳಿದ್ದ ಹಲವು ಸಂಗತಿಗಳು ಆಟದಲ್ಲಿ ಇರಲಿಲ್ಲ. ಒಬ್ಬ ಆಟಗಾರನು ಇನ್ನೊಬ್ಬನನ್ನು ಸಂಧಿಸಬಹುದೆಂಬ ನಿರೀಕ್ಷೆ ಹುಟ್ಟಿತ್ತು. ಬಿಡುಗಡೆಯ ದಿನವೇ ಇಬ್ಬರು ಆಟಗಾರರು ಒಂದೇ ಗ್ರಹದ ಒಂದೇ ಜಾಗದಲ್ಲಿ ನಿಂತರೂ ಒಬ್ಬರಿಗೊಬ್ಬರು ಕಾಣಲಿಲ್ಲ. ಪೂರ್ಣ ಬೆಲೆ 60 ಡಾಲರ್ ತೆತ್ತು ಕೊಂಡವರಿಗೆ ಬೇಸರವಾದದ್ದು ಸಹಜ. ದೂರು ಕೊಟ್ಟದ್ದೂ ಸರಿಯೇ. ಕೆಲವರು ಬ್ರಿಟನ್ನಿನ ಜಾಹೀರಾತು ಮಾನದಂಡ ಪ್ರಾಧಿಕಾರಕ್ಕೆ ವಿಧಿವತ್ತಾಗಿ ದೂರಿತ್ತರು. ಪ್ರಾಧಿಕಾರವು ವಿಚಾರಣೆ ನಡೆಸಿ ಅದೇ ವರ್ಷದ ನವೆಂಬರಿನಲ್ಲಿ, ಜಾಹೀರಾತು ಕೊಳ್ಳುವವರ ದಾರಿತಪ್ಪಿಸಲಿಲ್ಲವೆಂದು ತೀರ್ಮಾನಿಸಿತು. ದೂರು, ವಿಚಾರಣೆ, ತೀರ್ಪು: ನಾಗರಿಕರ ದಾರಿ ಇದು.

ಆದರೆ ಬಹಳ ಮಂದಿ ಆ ದಾರಿಯನ್ನು ಹಿಡಿಯಲಿಲ್ಲ. ಅಂದಿನ ದಿನಗಳನ್ನು ಮರ್ರೆಯವರು 2018ರಲ್ಲಿ ಒಂದು ಪತ್ರಿಕೆಯೊಡನೆ ನೆನೆದುಕೊಂಡರು. ಕೊಲೆ ಬೆದರಿಕೆ, ಬಾಂಬಿನ ಬೆದರಿಕೆಗಳು ಬಂದು ಲಂಡನ್ನಿನ ಪೊಲೀಸರನ್ನು ಸಂಪರ್ಕಿಸಬೇಕಾಯಿತೆಂದು ಹೇಳಿದರು. ಅವುಗಳಲ್ಲೊಂದು ಬೆದರಿಕೆಯ ಕಾರಣ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ಮೊದಲು ತೋರಿಸಿದ ಚಿತ್ರದಲ್ಲಿ ಚಿಟ್ಟೆಗಳಿದ್ದವು, ಆಟದಲ್ಲಿ ಚಿಟ್ಟೆಗಳಿರಲಿಲ್ಲ. ಚಿಟ್ಟೆಯಿಲ್ಲವೆಂದು ಮನುಷ್ಯನೊಬ್ಬನನ್ನು ಕೊಲ್ಲುವೆನೆಂದು ಬರೆದವನು ರಾಕ್ಷಸನೇನೂ ಆಗಿರಲಾರ. ಅವನೂ ಯಾರದೋ ಮನೆಯ ಮಗನೇ, ಊಟಕ್ಕೆ ಕರೆದಾಗ ಎದ್ದು ಹೋದವನೇ ಆಗಿರಬಹುದು. ನನ್ನನ್ನು ಕಂಗೆಡಿಸುವ ಸಂಗತಿ ಇದೇ.

ಹಲೋ ಗೇಮ್ಸ್‌ನವರು ವಾದಕ್ಕಿಳಿಯಲಿಲ್ಲ. ಬಾಗಿಲು ಮುಚ್ಚಿ ಓಡಿಯೂ ಹೋಗಲಿಲ್ಲ. ಮಾತನ್ನು ನಿಲ್ಲಿಸಿ ಕೆಲಸಕ್ಕೆ ಕುಳಿತರು. 2016ರ ನವೆಂಬರಿನಲ್ಲಿ ಮೊದಲ ದೊಡ್ಡ ಪರಿಷ್ಕರಣ, 2017ರಲ್ಲಿ ಇನ್ನೊಂದು. 2018ರ ಜುಲೈನಲ್ಲಿ ಆಟಗಾರರು ಒಬ್ಬರನ್ನೊಬ್ಬರು ಕಂಡು ಕೂಡಿ ಆಡುವ ಸೌಲಭ್ಯವೂ ಬಂದಿತು. ಆಮೇಲೂ ಹೊಸತು ಬರುತ್ತಲೇ ಹೋಯಿತು. ಒಮ್ಮೆ ಕೊಂಡವರಿಂದ ಅದಕ್ಕಾಗಿ ಬಿಡಿಗಾಸನ್ನೂ ಕೇಳಲಿಲ್ಲ. 2019ರಲ್ಲಿ ಆಟದ ಅಭಿಮಾನಿಗಳು ತಮ್ಮೊಳಗೆ ಚಂದಾ ಎತ್ತಿ, ಗಿಲ್ಡ್‌ಫರ್ಡ್‌ನ ಆ ಕಚೇರಿಯ ಸಮೀಪವೇ ಕೃತಜ್ಞತೆಯ ಒಂದು ದೊಡ್ಡ ಫಲಕವನ್ನು ಹಾಕಿಸಿದರು. ಒಮ್ಮೆ ಬಹುಮಂದಿ ಧಿಕ್ಕರಿಸಿದ್ದ ಅದೇ ಆಟ 2024ರ ನವೆಂಬರಿನಲ್ಲಿ ಸ್ಟೀಮ್ ಕಟ್ಟೆಯಲ್ಲಿ ‘ಬಹಳ ಮೆಚ್ಚಿಕೆ’ಯ ವರ್ಗಕ್ಕೇರಿತು. ಎಂಟು ವರ್ಷದ ದುಡಿಮೆ ಎಂಟು ವಾರದ ಕೋಪವನ್ನು ತೊಳೆಯಿತು.

ಎಲ್ಲರಿಗೂ ಅಷ್ಟು ಗಟ್ಟಿಯಾದ ಎದೆ ಇರುವುದಿಲ್ಲ. ವಿಯೆಟ್ನಾಮ್ ದೇಶದ ಹನೋಯ್ ನಗರದ ಡಾಂಗ್ ನ್ಗುಯೆನ್ ಎಂಬ ತರುಣ ಕೆಲವೇ ದಿನಗಳಲ್ಲಿ ಮಾಡಿ 2013ರ ಮೇ ತಿಂಗಳಲ್ಲಿ ಬಿಟ್ಟ ‘ಫ್ಲ್ಯಾಪಿ ಬರ್ಡ್’ ಎಂಬ ಪುಟ್ಟ ಆಟ ಹಲವರಿಗೆ ನೆನಪಿರಬಹುದು. ಕೊಳವೆಗಳ ನಡುವೆ ಹಕ್ಕಿಯನ್ನು ಹಾರಿಸುವುದು, ಅಷ್ಟೇ. 2014ರ ಜನವರಿಯಲ್ಲಿ ಅದು ಲೋಕವನ್ನೆಲ್ಲ ಹಿಡಿಯಿತು. ಜಾಹೀರಾತಿನಿಂದ ದಿನಕ್ಕೆ 50 ಸಾವಿರ ಡಾಲರ್ ಬರುತ್ತಿತ್ತೆಂದು ಅವನೇ ಹೇಳಿದ್ದನು. ಹಣದ ಜೊತೆಗೆ ಬೈಗುಳವೂ, ಕೃತಿಚೌರ್ಯದ ಆರೋಪವೂ ಹೊಳೆಯಾಗಿ ಬಂದವು. ಆಟದ ಚಟ ಹತ್ತಿತೆಂದು ಗೋಳಿಟ್ಟ ಪತ್ರಗಳೂ ಬಂದವು. ಫೆಬ್ರವರಿಯಲ್ಲಿ ಅವನು ಆಟವನ್ನೇ ಹಿಂದೆಗೆದುಕೊಂಡನು. ಅದು ಜನರಿಗೆ ವ್ಯಸನವಾಯಿತು, ತನ್ನ ಸರಳ ಜೀವನ ಕೆಟ್ಟಿತು ಎಂಬುದು ಅವನು ಕೊಟ್ಟ ಕಾರಣ. ತೆಗೆಯುತ್ತೇನೆಂದಾಗಲೂ ಬೆದರಿಕೆಗಳೇ ಬಂದವು. ಇಟ್ಟರೂ ತಪ್ಪು, ತೆಗೆದರೂ ತಪ್ಪು! ದಿನಕ್ಕೆ 50 ಸಾವಿರ ಡಾಲರಿಗಿಂತ ನೆಮ್ಮದಿಯ ನಿದ್ರೆ ದೊಡ್ಡದೆಂದು ಬಗೆದ ಆ ತರುಣನ ಬಗ್ಗೆ ನನಗೆ ಗೌರವವಿದೆ.

ಬೈಗುಳವಿಲ್ಲದೆಯೂ ಬಡಿಯುವ ಬಗೆ ಇದೆ. ಸ್ಟೀಮ್ ಕಟ್ಟೆಯಲ್ಲಿ 2015ರಿಂದ ಒಂದು ನಿಯಮವುಂಟು: ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣವನ್ನು ಮರಳಿ ಪಡೆಯಬಹುದು. ಮೋಸಹೋದವರಿಗೆಂದು ಮಾಡಿದ ಒಳ್ಳೆಯ ನಿಯಮ. ‘ಎಮಿಕಾ ಗೇಮ್ಸ್’ ಎಂಬ ಹೆಸರಿನಲ್ಲಿ ಒಬ್ಬರೇ ದುಡಿಯುತ್ತಿದ್ದ ತಯಾರಕರು 2021ರಲ್ಲಿ ‘ಸಮ್ಮರ್ ಆಫ್ 58’ ಎಂಬ ಸಣ್ಣ ಆಟವನ್ನು ಮಾಡಿದರು. ಅದನ್ನು ಆಡಿ ಮುಗಿಸಲು ಎರಡು ಗಂಟೆಯೂ ಬೇಡ. ಬಹಳ ಜನ ಆಡಿದರು, ಚೆನ್ನಾಗಿದೆಯೆಂದೂ ಬರೆದರು. ಬಳಿಕ ಅನೇಕರು ಹಣವನ್ನು ಮರಳಿ ಪಡೆದರು. ಮುಂದಿನ ಆಟಕ್ಕೆ ಬೇಕಾದ ಹಣವೂ ಉಳಿಯಲಿಲ್ಲವೆಂದು ಆ ತಯಾರಕರು ಅದೇ ಆಗಸ್ಟ್‌ನಲ್ಲಿ, ಅನಿರ್ದಿಷ್ಟ ಕಾಲ ಈ ವೃತ್ತಿಯನ್ನು ಬಿಡುತ್ತೇನೆಂದು ಸಾರಿದರು. ಖಾನಾವಳಿಯಲ್ಲಿ ಎಲೆ ಬರಿದು ಮಾಡಿ, ಊಟ ರುಚಿಯಾಗಿತ್ತೆಂದು ಹೊಗಳಿ, ಅನಂತರ ದುಡ್ಡು ವಾಪಸು ಕೇಳಿದಂತೆ! ನಿಯಮವನ್ನು ಮುರಿದವರು ಯಾರೂ ಇಲ್ಲ. ಆದರೂ ಒಂದು ಒಲೆ ಆರಿತು. ನಿಯಮದೊಳಗಿರುವುದೆಲ್ಲವೂ ಧರ್ಮವಾಗಲಾರದೆಂಬುದನ್ನು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಾಣದು.

ಮೂರನೆಯದೊಂದು ಬಗೆ ಗುಂಪಿನ ದಾಳಿ. 2017ರ ಸೆಪ್ಟೆಂಬರಿನಲ್ಲಿ ಬಹು ಪ್ರಖ್ಯಾತನಾದ ಆಟಪ್ರದರ್ಶಕನೊಬ್ಬ ನೇರ ಪ್ರಸಾರದಲ್ಲಿ ಕಪ್ಪು ಜನರನ್ನು ಹೀಯಾಳಿಸುವ ಶಬ್ದವನ್ನು ಬಳಸಿದನು. ಅಂಥವನ ಪ್ರದರ್ಶನದಲ್ಲಿ ತಮ್ಮ ಕೃತಿ ಇರಬಾರದೆಂದು ‘ಫೈರ್‌ವಾಚ್’ ಎಂಬ ಆಟದ ಚಿಕ್ಕ ತಯಾರಕ ತಂಡದವರು ತಗಾದೆ ಮಾಡಿದರು. ಆ ಕ್ರಮ ಸರಿಯೋ ತಪ್ಪೋ ಎಂದು ಚರ್ಚಿಸಬಹುದಿತ್ತು. ಅದರ ಬದಲು ಅವನ ಅಭಿಮಾನಿಗಳು ಆಟಕ್ಕೆ ಸಾಲುಸಾಲಾಗಿ ಕೆಟ್ಟ ಅಭಿಪ್ರಾಯಗಳನ್ನು ಬರೆದರು. ಹಿಂದಿನ ದಿನದವರೆಗೆ ಚೆನ್ನಾಗಿದ್ದ ಆಟ ಒಂದೇ ರಾತ್ರಿಯಲ್ಲಿ ಹೇಗೆ ಕೆಟ್ಟಿತು? ಇಂತಹ ದಾಳಿಗಳು ಹೆಚ್ಚಿ, 2019ರ ಮಾರ್ಚಿನಲ್ಲಿ ವಾಲ್ವ್ ಸಂಸ್ಥೆಯು ಆಟಕ್ಕೆ ಸಂಬಂಧಪಡದ ಕಾರಣಗಳಿಗೆ ಗುಂಪಾಗಿ ಬರೆದ ಅಭಿಪ್ರಾಯಗಳನ್ನು ಗುರುತಿಸಿ ಲೆಕ್ಕದಿಂದ ಬಿಡುವ ಏರ್ಪಾಡನ್ನು ಪ್ರಕಟಿಸಬೇಕಾಯಿತು.

ಸಜ್ಜನರ ಮಕ್ಕಳು ಹೀಗೇಕೆ ವರ್ತಿಸುತ್ತಾರೆ? ನನಗೆ ತೋರುವ ಕಾರಣಗಳು ಮೂರು. ಎದುರಿಗೆ ಮುಖವಿಲ್ಲದಿರುವುದು ಮೊದಲನೆಯದು. ಕಣ್ಣಿಗೆ ಕಣ್ಣು ಕೂಡಿದಾಗ ನಾಲಗೆಗೆ ತಾನಾಗಿ ಬರುವ ಸಂಕೋಚ ಪರದೆಯ ಮುಂದೆ ಬರುವುದಿಲ್ಲ. ಗುಂಪಿನ ಬಲ ಎರಡನೆಯದು. ಸಾವಿರ ಮಂದಿ ಒಂದೊಂದು ಕಲ್ಲು ಎಸೆದಾಗ ಪ್ರತಿಯೊಬ್ಬನೂ ನನ್ನದು ಸಣ್ಣ ಕಲ್ಲೆಂದುಕೊಳ್ಳುತ್ತಾನೆ, ಸಾವಿರವೂ ಬೀಳುವುದು ಒಂದೇ ತಲೆಯ ಮೇಲೆ. ಮೂರನೆಯ ಕಾರಣ ವಿಚಿತ್ರವಾದದ್ದು. ಅದು ಪ್ರೀತಿ. ಆಟವನ್ನು ಬಹಳ ಪ್ರೀತಿಸಿದವನೇ ಅದು ತನ್ನದೆಂದು ಭಾವಿಸಿ, ತನ್ನಿಚ್ಛೆಯಂತೆ ಆಗದಿದ್ದಾಗ ಮಾಡಿದವನ ಮೇಲೆ ಹೆಚ್ಚು ಮುನಿಯುತ್ತಾನೆ. ಸಣ್ಣ ತಯಾರಕನು ಆಟಗಾರರೊಡನೆ ತಾನೇ ಮಾತನಾಡುವುದರಿಂದ ಕೈಗೆ ಹತ್ತಿರ ಸಿಗುತ್ತಾನೆ. ಹತ್ತಿರ ಸಿಕ್ಕವನಿಗೇ ಮೊದಲ ಪೆಟ್ಟು.

ಇದೇ ಪ್ರೀತಿ ಹದವಾದಾಗ ಏನಾಗುತ್ತದೆಂಬುದಕ್ಕೂ ನಿದರ್ಶನವಿದೆ. ಅಮೆರಿಕದ ಸಿಯಾಟಲ್ ಪ್ರದೇಶದ ಎರಿಕ್ ಬರೋನ್ ಎಂಬವರು ನಾಲ್ಕೂವರೆ ವರ್ಷ ಏಕಾಂಗಿಯಾಗಿ ದುಡಿದು, ಚಿತ್ರ, ಸಂಗೀತ, ಕಥೆ, ಗಣಕಸೂತ್ರಗಳೆಲ್ಲವನ್ನೂ ತಾವೇ ಮಾಡಿ, 2016ರ ಫೆಬ್ರವರಿಯಲ್ಲಿ ‘ಸ್ಟಾರ್‌ಡ್ಯೂ ವ್ಯಾಲಿ’ ಎಂಬ ಬೇಸಾಯದ ಆಟವನ್ನು ಹೊರತಂದರು. ಆ ಕಾಲದಲ್ಲಿ ಅವರು ನಾಟಕಶಾಲೆಯೊಂದರಲ್ಲಿ ಪ್ರೇಕ್ಷಕರನ್ನು ಆಸನಕ್ಕೆ ಕರೆದೊಯ್ಯುವ ಕೆಲಸವನ್ನೂ ಮಾಡಿದರು. ಬಾಳಸಂಗಾತಿಯ ಗಳಿಕೆಯೂ ಆಸರೆಯಾಯಿತು. ಆಟಗಾರರು ದೋಷಗಳನ್ನು ಹುಡುಕಿ ವಿವರವಾಗಿ ತಿಳಿಸಿದರು. ಅವರು ಕೇಳಿ ತಿದ್ದಿದರು. ತಮ್ಮ ಬದುಕಿರುವವರೆಗೂ ಈ ಆಟದ ಹೊಸ ಸೇರ್ಪಡೆಗೆ ಹಣ ಕೇಳುವುದಿಲ್ಲವೆಂದು 2024ರಲ್ಲಿ ಮನೆತನದ ಗೌರವದ ಮೇಲೆ ಆಣೆಯಿಟ್ಟರು. ಆ ವರ್ಷದ ಅಂತ್ಯಕ್ಕೆ ಮಾರಾಟವಾದ ಪ್ರತಿಗಳು 4 ಕೋಟಿ 10 ಲಕ್ಷ. ಆಸ್ಟ್ರೇಲಿಯಾದ ಅಡಿಲೇಡಿನ ‘ಟೀಮ್ ಚೆರ್ರಿ’ ಎಂಬ ಬೆರಳೆಣಿಕೆಯ ಜನರ ತಂಡ 2019ರಲ್ಲಿ ಪ್ರಕಟಿಸಿದ ‘ಸಿಲ್ಕ್‌ಸಾಂಗ್’ ಆಟ ಹೊರಬಂದದ್ದು 2025ರ ಸೆಪ್ಟೆಂಬರ್ 4ರಂದು. ಆರೂವರೆ ವರ್ಷದ ಕಾಯುವಿಕೆಯಲ್ಲಿ ಕೆಲವರು ಗೊಣಗಿದರೂ ಬಹಳ ಮಂದಿ ತಮ್ಮ ಆತುರವನ್ನು ತಾವೇ ಹಾಸ್ಯ ಮಾಡಿಕೊಂಡು ಕಾದರು. ಕಾಯಲು ಬಾರದವರಿಲ್ಲ, ಕಾಯುವುದನ್ನು ಕಲಿಸದವರುಂಟು.

ತಂದೆತಾಯಿಗಳೇ, ಆಟವನ್ನು ನಿಲ್ಲಿಸಿರೆಂದು ನಾನು ಹೇಳಹೊರಟಿಲ್ಲ. ಮಗನೋ ಮಗಳೋ ಹೊಸ ಆಟವನ್ನು ಕೊಂಡಾಗ ‘ಇದನ್ನು ಮಾಡಿದವರು ಯಾರು?’ ಎಂದು ಒಮ್ಮೆ ಕೇಳಿರಿ. ತಟ್ಟೆಯಲ್ಲಿನ ರೊಟ್ಟಿಯ ಹಿಂದೆ ಬೆಳೆದವನಿದ್ದಾನೆಂದು ಕಲಿಸುವ ನಾವು ಪರದೆಯ ಮೇಲಿನ ಹಕ್ಕಿಯ ಹಿಂದೆಯೂ ಒಂದು ಕೈಯಿದೆಯೆಂದು ಕಲಿಸಬೇಕು. ಕೊಟ್ಟ ಹಣಕ್ಕೆ ತಕ್ಕ ವಸ್ತು ಬಾರದಿದ್ದರೆ ದೂರು ಕೊಡುವುದು ಅವರ ಹಕ್ಕು. ಅದನ್ನು ನುಂಗಿಕೊಳ್ಳುವುದು ಬೇಡ. ಎಲ್ಲಿ, ಯಾವಾಗ, ಏನು ಕೆಟ್ಟಿತೆಂದು ಬರೆದ ದೂರು ತಯಾರಕನಿಗೆ ಔಷಧಿಯಂತೆ ಉಪಕಾರಿ. ಕಾಯಕವನ್ನು ತೂಗಿ ನೋಡುವುದು ತಪ್ಪಲ್ಲ, ಕಾಯಕ ಮಾಡಿದವನ ತಾಯಿಯನ್ನು ನಿಂದಿಸುವುದು ತಪ್ಪು. ಸಿಟ್ಟಿನಲ್ಲಿ ಬರೆದದ್ದನ್ನು ಒಂದು ರಾತ್ರಿ ಇಟ್ಟು ಬೆಳಗ್ಗೆ ಕಳುಹಿಸುವ ರೂಢಿಯಾದರೆ ಅರ್ಧ ಪಾಪ ಅಲ್ಲಿಗೇ ಕಳೆಯುತ್ತದೆ. ಮೆಚ್ಚಿದಾಗಲೂ ಎರಡು ಸಾಲು ಬರೆಯುವುದನ್ನು ಕಲಿಸಿರಿ. ನೊಂದವರು ತಪ್ಪದೆ ಬರೆಯುತ್ತಾರೆ, ಸಂತೋಷಪಟ್ಟವರು ಸುಮ್ಮನಿರುತ್ತಾರೆ. ಹೀಗಾಗಿ ದುಡಿದವನ ಕಿವಿಗೆ ಬೀಳುವುದು ಬಹುಮಟ್ಟಿಗೆ ನಿಂದೆಯೇ.

ಈ ಕಲಿಕೆ ಆಟಕ್ಕಷ್ಟೇ ಸೀಮಿತವೂ ಅಲ್ಲ. ಇಂದು ಕಾಣದ ಆಟ ತಯಾರಕನಿಗೆ ಬೈದ ನಾಲಗೆ ನಾಳೆ ಅಂಗಡಿಯವನಿಗೆ, ಉಪಾಧ್ಯಾಯರಿಗೆ, ಕೊನೆಗೆ ಮನೆಯವರಿಗೇ ಬೈಯುತ್ತದೆ. ನಾಲಗೆಗೆ ಪರದೆಯ ಒಳಗು ಹೊರಗು ಎಂಬ ಭೇದವಿಲ್ಲ.

ಇನ್ನು ನನ್ನ ಮೊಮ್ಮಗನ ಸಂಗತಿ. ಮರುದಿನ ಬೆಳಗ್ಗೆ ಅವನು ತಾನಾಗಿ ನನ್ನನ್ನು ಕರೆದು ಪರದೆಯನ್ನು ತೋರಿಸಿದನು. ಮೂರು ಸಾಲುಗಳಲ್ಲಿ ಎರಡು ಹೋಗಿದ್ದವು. ದೂರಿನ ಸಾಲು ಹಾಗೆಯೇ ಇತ್ತು. ಅದರ ಮುಂದೆ, ಯಾವ ಹಂತದಲ್ಲಿ ಆಟ ನಿಂತಿತೆಂಬ ವಿವರವನ್ನು ಸೇರಿಸಿದ್ದನು. “ಕ್ಷಮೆ ಕೇಳಿಲ್ಲ ತಾತ, ಅವರ ತಪ್ಪೂ ಇದೆಯಲ್ಲ” ಎಂದನು. ಇದೆ ಎಂದೆ. ಹತ್ತು ದಿನಗಳ ಬಳಿಕ ಊರಿನಿಂದ ಫೋನು ಮಾಡಿದ್ದನು. ಆ ಇಬ್ಬರಲ್ಲಿ ಒಬ್ಬರು ಉತ್ತರ ಬರೆದಿದ್ದರಂತೆ: ದೋಷ ಸಿಕ್ಕಿದೆ, ತಿದ್ದಿದ್ದೇವೆ, ಆದರೆ ಕಳೆದುಹೋದದ್ದನ್ನು ಮರಳಿ ಕೊಡಲಾಗದು, ಅದಕ್ಕಾಗಿ ವಿಷಾದವಿದೆ ಎಂದು. “ಮತ್ತೆ ಮೊದಲಿನಿಂದ ಆಡುತ್ತಿದ್ದೇನೆ” ಎಂದನು ಹುಡುಗ. ಬೇಸರದಿಂದಲೇ ಹೇಳಿದನು; ಆದರೆ ಆ ಬೇಸರದಲ್ಲಿ ಹಗೆಯಿರಲಿಲ್ಲ.

ಕುಂಬಾರನ ವರುಷವನ್ನು ನೆನೆದವನ ಕೈ ದೊಣ್ಣೆಯನ್ನು ತಾನಾಗಿ ಕೆಳಗಿಡುತ್ತದೆ. ನೆನಪಿಸುವ ಕೆಲಸ ಮನೆಯ ಹಿರಿಯರದು.